ಹುಬ್ಬಳ್ಳಿಯ ನಮ್ಮ ತಂಡ ಕೊಂಡ ಅಜೈಲ್ ತರಬೇತಿ: ಮೂರು ತಿಂಗಳ ಲೆಕ್ಕ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಸಣ್ಣ ಸಾಫ್ಟ್‌ವೇರ್ ಕಚೇರಿಯವರು 2024ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯಿಂದ ಅಜೈಲ್ ಪದ್ಧತಿಯ, ಅಂದರೆ ತಂತ್ರಾಂಶವನ್ನು ಸಣ್ಣ ಸಣ್ಣ ಕಂತುಗಳಲ್ಲಿ, ಬಳಸುವವರನ್ನು ಕೇಳುತ್ತ ಕಟ್ಟುವ ರೀತಿಯ, ತರಬೇತಿ ಸೇವೆಯನ್ನು ಕೊಂಡೆವು. ಎರಡು ದಿನದ ಕಾರ್ಯಾಗಾರಕ್ಕೆ 92,000 ರೂಪಾಯಿ. ಆಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಹದಿನೈದು ದಿನಕ್ಕೊಮ್ಮೆ ಎರಡೆರಡು ದಿನ ತರಬೇತುದಾರರು ನಮ್ಮ ಜೊತೆ ಕುಳಿತು ಕೆಲಸ ನೋಡುವುದಕ್ಕೆ ದಿನಕ್ಕೆ 19,000 ರೂಪಾಯಿಯಂತೆ 12 ದಿನಕ್ಕೆ 2,28,000 ರೂಪಾಯಿ. ಶೇಕಡಾ 18ರ ಜಿಎಸ್‌ಟಿ ಸೇರಿ ಒಟ್ಟು 3,77,600 ರೂಪಾಯಿ. ಮಾಲಕರ ಮನವೊಲಿಸಿ ಈ ಹಣ ಖರ್ಚು ಮಾಡಿಸಿದವನು ನಾನೇ ಆದ್ದರಿಂದ ಲೆಕ್ಕ ಒಪ್ಪಿಸುವ ಹೊಣೆಯೂ ನನ್ನದೇ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇದೇ ಅಚ್ಚಿನ ಸೇವೆಯನ್ನು ಮಾರುವವರು ಬಹಳ ಮಂದಿ ಇದ್ದಾರೆ. ಕೊಳ್ಳುವವರಿಗೆ ಬೇಕಾದದ್ದು ಡಬ್ಬಿಯ ಮೇಲಿನ ಹೆಸರಿಗಿಂತ ಡಬ್ಬಿಯೊಳಗೆ ಏನಿತ್ತು ಎಂಬ ವಿವರ. ಐದು ನಕ್ಷತ್ರಕ್ಕೆ ನಾನು ಮೂರು ಕೊಡುತ್ತೇನೆ. ಆ ಮೂರರಲ್ಲಿ ಎರಡು, ತರಬೇತುದಾರರು ನಮ್ಮ ಕಚೇರಿಯ ಹೊರಗೆ ಕಳೆದ ಎರಡೇ ದಿನಗಳಿಗೆ ಸಲ್ಲಬೇಕು.

ನಮ್ಮ ತಂಡದಲ್ಲಿ ಆಗ 14 ಜನರಿದ್ದೆವು: ಕೋಡ್ ಬರೆಯುವವರು ಒಂಬತ್ತು, ಟೆಸ್ಟರ್‌ಗಳು ಮೂವರು, ವಿನ್ಯಾಸ ನೋಡುವವರು ಒಬ್ಬರು, ಮತ್ತು ಟೀಮ್ ಲೀಡ್ ಆಗಿ ನಾನು. ಎಪಿಎಂಸಿ ಪ್ರಾಂಗಣಗಳ ದಲಾಲಿ ಅಂಗಡಿಗಳ ಲೆಕ್ಕಪತ್ರದ ತಂತ್ರಾಂಶ ನಮ್ಮ ಮುಖ್ಯ ಸರಕು. ಹುಬ್ಬಳ್ಳಿಯ ಅಮರಗೋಳ ಪ್ರಾಂಗಣದಲ್ಲೂ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲೂ ಅದನ್ನು ಬಳಸುವ ಅಂಗಡಿಗಳಿವೆ. ಇದರ ಜೊತೆಗೆ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟ ಚೀಲಗಳ ಲೆಕ್ಕ ನೋಡುವ ಇನ್ನೊಂದು ಚಿಕ್ಕ ತಂತ್ರಾಂಶವೂ ಇದೆ. ಹಿಂದೆಲ್ಲ ನಾವು ದೀಪಾವಳಿಯ ಹೊತ್ತಿಗೆ ಬೇಡಿಕೆಗಳ ಉದ್ದನೆಯ ಪಟ್ಟಿ ಮಾಡಿಕೊಂಡು, ಹಂಗಾಮಿನ ಹೊಸ್ತಿಲಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಡುಗಡೆ ಮಾಡಿ, ಆಮೇಲೆ ಮೂರು ತಿಂಗಳು ಫೋನ್ ಎತ್ತುವುದರಲ್ಲೇ ಸುಸ್ತಾಗುತ್ತಿದ್ದೆವು. ಆ ಚಕ್ರದಿಂದ ಹೊರಬರಬೇಕೆಂಬುದೇ ಖರೀದಿಯ ಉದ್ದೇಶವಾಗಿತ್ತು. ಹಂಗಾಮು ಶುರುವಾಗುವ ಹೊತ್ತಿಗೇ ತರಬೇತಿ ಇಟ್ಟುಕೊಂಡದ್ದು ನಮ್ಮದೇ ತಪ್ಪು. ಅದನ್ನು ಸಂಸ್ಥೆಯ ತಲೆಗೆ ಕಟ್ಟುವುದಿಲ್ಲ.

ಕಾರ್ಯಾಗಾರ ವಿದ್ಯಾನಗರದ ಒಂದು ಹೋಟೆಲಿನ ಸಭಾಂಗಣದಲ್ಲಿ ನಡೆಯಿತು. ಮೊದಲ ಅರ್ಧ ದಿನ ಇತಿಹಾಸಕ್ಕೆ ಹೋಯಿತು, ಅದು ವ್ಯರ್ಥವಾಗಲಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಸೇರಿ ನಾಲ್ಕು ಮೌಲ್ಯಗಳ ಘೋಷಣೆಯೊಂದನ್ನು ಬರೆದರೆಂಬುದು, ಅದರ ಹಿಂದೆ 12 ತತ್ತ್ವಗಳಿವೆಯೆಂಬುದು, ತಂಡದ ಕೆಲಸವನ್ನು ಚಿಕ್ಕ ಚಿಕ್ಕ ಅವಧಿಗಳಾಗಿ ಕತ್ತರಿಸಿ ನಡೆಸುವ ಸ್ಕ್ರಮ್ ಎಂಬ ಚೌಕಟ್ಟು ಅದಕ್ಕಿಂತ ಮೊದಲೇ, 1995ರಲ್ಲಿ ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಅವರಿಂದ ಸಮ್ಮೇಳನವೊಂದರಲ್ಲಿ ಮಂಡನೆಯಾಗಿತ್ತೆಂಬುದು ನಮ್ಮಲ್ಲಿ ಹಲವರಿಗೆ ಹೊಸ ಸಂಗತಿಯಾಗಿತ್ತು. ಅಜೈಲ್ ಅಂದರೆ ಸ್ಕ್ರಮ್, ಸ್ಕ್ರಮ್ ಅಂದರೆ ಬೆಳಗಿನ ಸಭೆ ಎಂದು ನಂಬಿಕೊಂಡಿದ್ದ ನಮಗೆ ಇವೆರಡೂ ಬೇರೆಬೇರೆ ಎಂದು ತಿಳಿದದ್ದೇ ಒಂದು ಲಾಭ. ಆದರೆ ಘೋಷಣೆಯ ಮೊದಲ ಮೌಲ್ಯವೇ ವಿಧಿವಿಧಾನ ಮತ್ತು ಸಲಕರಣೆಗಳಿಗಿಂತ ಮನುಷ್ಯರು ಮತ್ತು ಅವರ ಒಡನಾಟ ಮುಖ್ಯವೆಂದು ಸಾರುವಾಗ, ಅದನ್ನು ಓದಿ ಹೇಳಿದ ಮಧ್ಯಾಹ್ನವೇ ಟಿಕೆಟ್ ನೋಡಿಕೊಳ್ಳುವ ತಂತ್ರಾಂಶದಲ್ಲಿ ಯಾವ ಗುಂಡಿ ಎಲ್ಲಿದೆ ಎಂದು ತೋರಿಸಲು ಮೂರು ತಾಸು ತೆಗೆದುಕೊಂಡದ್ದು ನಗು ತರಿಸಿತು.

ಪಾಠದ ಸಾಮಗ್ರಿ ಹಳೆಯದಾಗಿತ್ತು ಎಂಬುದು ನನ್ನ ಗಂಭೀರ ಆಕ್ಷೇಪ. ಸ್ಕ್ರಮ್‌ನ ನಿಯಮಗಳನ್ನು ಹೇಳುವ ಸ್ಕ್ರಮ್ ಗೈಡ್ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದ ಕಿರುಹೊತ್ತಿಗೆ. ಅದರ 2020ರ ಪರಿಷ್ಕರಣೆಯಲ್ಲಿ ‘ನಿನ್ನೆ ಏನು ಮಾಡಿದೆ, ಇಂದು ಏನು ಮಾಡುತ್ತೀ, ಅಡ್ಡಿ ಏನು’ ಎಂಬ, ದಿನದ ಸಭೆಯ ಮೂರು ಪ್ರಶ್ನೆಗಳನ್ನು ಕೈಬಿಡಲಾಗಿದೆ. ನಮಗೆ ತೋರಿಸಿದ ಸ್ಲೈಡ್‌ಗಳಲ್ಲಿ ಆ ಮೂರು ಪ್ರಶ್ನೆಗಳೇ ನಿಯಮವೆಂಬಂತೆ ದಪ್ಪಕ್ಷರದಲ್ಲಿದ್ದವು. ನಾಲ್ಕು ವರ್ಷ ಹಳೆಯ ತಿದ್ದುಪಡಿಯನ್ನು ಸ್ಲೈಡಿಗೆ ತಾರದವರು 92,000 ರೂಪಾಯಿ ಪಡೆಯುವುದು ಸರಿಯೇ ಎಂದು ನಾನು ಕೇಳಿದ್ದೇನೆ, ತಿದ್ದುತ್ತೇವೆ ಎಂದಿದ್ದಾರೆ. ಇನ್ನು, ಕೊನೆಯಲ್ಲಿ ಎಲ್ಲರಿಗೂ ಕೊಟ್ಟ ಪ್ರಮಾಣಪತ್ರ ಆ ಸಂಸ್ಥೆಯದೇ ಆಗಿತ್ತು, ಸ್ಕ್ರಮ್‌ಗೆ ಪ್ರಮಾಣಪತ್ರ ಕೊಡುವ ಹೆಸರಾಂತ ಸಂಸ್ಥೆಗಳಾದ ಸ್ಕ್ರಮ್ ಅಲಯನ್ಸ್‌ನದಾಗಲಿ ಸ್ಕ್ರಮ್ ಡಾಟ್ ಆರ್ಗ್‌ನದಾಗಲಿ ಅಲ್ಲ. ನಮ್ಮ ಹುಡುಗರು ಅದನ್ನು ತಿಳಿಯದೆ ತಮ್ಮ ಬಯೋಡೇಟಾಕ್ಕೆ ಸೇರಿಸಿಕೊಂಡರು. ನಿಜವಾದ ಪ್ರಮಾಣಪತ್ರವೇ ಬೇಕೆನ್ನುವವರು ಸ್ಕ್ರಮ್ ಡಾಟ್ ಆರ್ಗ್‌ನ ಮೊದಲ ಹಂತದ ಪರೀಕ್ಷೆಯನ್ನು ಯಾವ ತರಬೇತಿಗೂ ಹೋಗದೆ ಬರೆಯಬಹುದು: 60 ನಿಮಿಷ, 80 ಪ್ರಶ್ನೆ, ಶೇಕಡಾ 85 ಅಂಕ ಬಂದರೆ ತೇರ್ಗಡೆ. ಇದನ್ನು ಮಾರಾಟ ಮಾಡುವವರು ಮೊದಲೇ ಹೇಳುವುದಿಲ್ಲ.

ಜನವರಿಯಲ್ಲಿ ನಿಜವಾದ ಕೆಲಸ ಆರಂಭವಾಯಿತು. ದಿನವೂ ಬೆಳಿಗ್ಗೆ ಹತ್ತಕ್ಕೆ ನಿಂತುಕೊಂಡು ಮಾತಾಡುವ ಸ್ಟ್ಯಾಂಡ್‌ಅಪ್ 15 ನಿಮಿಷದಲ್ಲಿ ಮುಗಿಯಬೇಕು ಎಂಬುದು ನಿಯಮ. ನಮ್ಮಲ್ಲಿ ಮೊದಲ ವಾರ ಅದು 40 ನಿಮಿಷಕ್ಕೆ ಹೋಯಿತು. ಹದಿನಾಲ್ಕು ಜನರ 40 ನಿಮಿಷವನ್ನು ಕೂಡಿಸಿದರೆ 9 ತಾಸು 20 ನಿಮಿಷ. ಅಂದರೆ ದಿನಕ್ಕೆ ಒಬ್ಬ ಕೆಲಸಗಾರನ ಸಂಬಳವನ್ನು ನಿಂತುಕೊಂಡೇ ಖರ್ಚು ಮಾಡುತ್ತಿದ್ದೆವು. ಗೈಡ್ ಹೇಳುವ ಪ್ರಕಾರ ಸ್ಕ್ರಮ್ ತಂಡ ಸಾಮಾನ್ಯವಾಗಿ ಹತ್ತು ಅಥವಾ ಅದಕ್ಕಿಂತ ಕಡಿಮೆ ಜನರದ್ದಾಗಿರಬೇಕು. ತರಬೇತುದಾರರು ಬಂದ ಮೊದಲ ದಿನವೇ ಇದನ್ನು ಗುರುತಿಸಿ, ದಲಾಲಿ ಅಂಗಡಿಯ ತಂತ್ರಾಂಶಕ್ಕೆ ಎಂಟು ಮತ್ತು ಕೋಲ್ಡ್ ಸ್ಟೋರೇಜ್‌ಗೆ ಆರು ಜನರ ಎರಡು ತಂಡ ಮಾಡಿಸಿದರು. ಸಮಯ ಹದ್ದುಬಸ್ತಿಗೆ ಬಂತು. ಆದರೆ ಸಭೆ ಇನ್ನೂ ಸತ್ತಂತೆಯೇ ಇತ್ತು, ಏಕೆಂದರೆ ಎಲ್ಲರೂ ನನ್ನ ಮುಖ ನೋಡಿಕೊಂಡೇ ಮಾತಾಡುತ್ತಿದ್ದರು. ಮಾಲಕರು ಹಿಂದೆ ಚಹಾ ಹಿಡಿದು ನಿಂತರಂತೂ ಅದು ಶಾಲೆಯ ಹಾಜರಿಯಂತೆ ಆಗುತ್ತಿತ್ತು: ಹೆಸರು ಕರೆದಂತೆ ಒಬ್ಬೊಬ್ಬರೂ ‘ನಡದೇತ್ರಿ ಸರ’ ಎಂದು ಹೇಳಿ ಕೈಕಟ್ಟಿ ನಿಲ್ಲುವುದು. ಅಡ್ಡಿ ಏನಾದರೂ ಇದೆಯೇ ಎಂದರೆ ಯಾರಿಗೂ ಏನೂ ಅಡ್ಡಿ ಇರುತ್ತಿರಲಿಲ್ಲ. ಅದೇ ಹುಡುಗರು ಹನ್ನೊಂದು ಗಂಟೆಗೆ ಕೆಳಗಿನ ಚಹಾ ಅಂಗಡಿಯ ಮುಂದೆ ಮಿರ್ಚಿ ತಿನ್ನುತ್ತ, ಯಾರ ಕೆಲಸ ಯಾರಿಂದ ನಿಂತಿದೆ, ಯಾವ ಸರ್ವರ್ ರಾತ್ರಿಯಿಂದ ಸತ್ತಿದೆ ಎಂಬುದನ್ನು ಒಂದೇ ಉಸಿರಿಗೆ ಹೇಳಿಕೊಳ್ಳುತ್ತಿದ್ದರು. ನಿಜವಾದ ಸ್ಟ್ಯಾಂಡ್‌ಅಪ್ ಅಲ್ಲಿ ನಡೆಯುತ್ತಿತ್ತು.

ಇದಕ್ಕೆ ಎರಡು ಮದ್ದು ಸಿಕ್ಕವು. ಮೊದಲನೆಯದು ತರಬೇತುದಾರರು ಕೊಟ್ಟದ್ದು: ನಾನು ಮತ್ತು ಮಾಲಕರು ಆ ಸಭೆಗೆ ಬರಕೂಡದು. ಮಾಲಕರಿಗೆ ಇದನ್ನು ಹೇಳಲು ಅವರು ತೋರಿದ ಎದೆಗಾರಿಕೆಯನ್ನು ನಾನು ಮೆಚ್ಚಿದೆ. ನಾನು ಹೇಳಿದ್ದರೆ ಅದು ಬೇರೆ ಅರ್ಥ ಪಡೆಯುತ್ತಿತ್ತು. ಎರಡನೆಯದು ನಮ್ಮ ತಂಡದಿಂದಲೇ ಬಂತು. ಕಾರ್ಯಾಗಾರ ಇಂಗ್ಲಿಷಿನಲ್ಲಿ ನಡೆದದ್ದರಿಂದ ಸ್ಟ್ಯಾಂಡ್‌ಅಪ್ ಕೂಡ ಇಂಗ್ಲಿಷಿನಲ್ಲೇ ನಡೆಯಬೇಕೆಂದು ಎಲ್ಲರೂ ಭಾವಿಸಿದ್ದರು. ಗದಗಿನಿಂದ ದಿನವೂ ರೈಲಿನಲ್ಲಿ ಬಂದು ಹೋಗುವ ಒಬ್ಬ ಟೆಸ್ಟರ್ ಮೂರು ವಾರ ಒಂದೆರಡು ಪದಕ್ಕಿಂತ ಹೆಚ್ಚು ಆಡಿರಲಿಲ್ಲ. ನಾಲ್ಕನೆಯ ವಾರದಲ್ಲಿ ಆಕೆ ತಡೆಯಲಾರದೆ, ‘ಸರ, ಅದು ಆಗಿಲ್ರಿ. ಚೀಲದ ಲೆಕ್ಕ ಎರಡು ಕಡೆ ಎರಡು ಥರಾ ಬರತೈತಿ, ಮೂರು ದಿನದಿಂದ ಹೇಳಬೇಕಂತ ಮಾಡೇನಿ’ ಎಂದು ಕನ್ನಡದಲ್ಲೇ ಹೇಳಿಬಿಟ್ಟರು. ಅಂದಿನಿಂದ ಸಭೆ ಕನ್ನಡದಲ್ಲಿ ನಡೆಯುತ್ತಿದೆ. ಇಂಗ್ಲಿಷಿನಲ್ಲಿ ‘ಇನ್ ಪ್ರೋಗ್ರೆಸ್’ ಎಂದು ಒಂದೇ ಮಾತಿನಲ್ಲಿ ಮುಚ್ಚಿಹೋಗುತ್ತಿದ್ದ ಎಷ್ಟೋ ಸಂಗತಿಗಳು ಹುಬ್ಬಳ್ಳಿಯ ಮಾತಿನಲ್ಲಿ ಮುಚ್ಚಿಕೊಳ್ಳಲು ಆಗುವುದಿಲ್ಲ. ಇದು ಸಂಸ್ಥೆಯ ಪಠ್ಯದಲ್ಲಿ ಇರಲಿಲ್ಲ, ಆದರೆ ತರಬೇತುದಾರರು ಅದನ್ನು ತಡೆಯಲಿಲ್ಲ, ತಾವೂ ತಮ್ಮ ಬೆಂಗಳೂರು ಕನ್ನಡದಲ್ಲಿ ಸೇರಿಕೊಂಡರು.

ಅಂದಾಜಿನ ವಿಷಯ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಕೆಲಸವನ್ನು ತಾಸಿನಲ್ಲಿ ಅಳೆಯದೆ 1, 2, 3, 5, 8, 13 ಎಂಬ ಸ್ಟೋರಿ ಪಾಯಿಂಟುಗಳಲ್ಲಿ, ಒಂದಕ್ಕೊಂದು ಹೋಲಿಸಿ ಅಳೆಯಬೇಕು ಎಂಬುದನ್ನು ಇಸ್ಪೀಟು ಎಲೆಗಳಂಥ ಕಾರ್ಡು ಹಂಚಿ ಚೆನ್ನಾಗಿ ಕಲಿಸಿದರು. ಸ್ಪ್ರಿಂಟ್ ಎಂಬ ಎರಡು ವಾರದ ಕೆಲಸದ ಕಂತಿನಲ್ಲಿ ಎಷ್ಟು ಪಾಯಿಂಟು ಮುಗಿಯಿತು ಎಂಬುದು ತಂಡದ ವೇಗ. ಮುಂದಿನ ಸ್ಪ್ರಿಂಟಿಗೆ ಎಷ್ಟು ಹೊರಬಹುದು ಎಂದು ತಂಡವೇ ತಿಳಿಯಲು ಅದು ಒಂದು ಅಂದಾಜು, ಅಷ್ಟೇ. ಎರಡು ಸ್ಪ್ರಿಂಟು ಮುಗಿಯುತ್ತಲೇ ಆ ಅಂಕಿ ಮಾಲಕರ ಕೋಣೆ ತಲುಪಿತು. ಒಂದು ಪಾಯಿಂಟು ಅಂದರೆ ಎಷ್ಟು ತಾಸು ಎಂಬ ಪ್ರಶ್ನೆ ಬಂತು. ಎಂಟು ಜನರ ತಂಡಕ್ಕಿಂತ ಆರು ಜನರ ತಂಡದ ಪಾಯಿಂಟು ಹೆಚ್ಚು ಏಕೆ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು. ಎರಡು ತಂಡದ ಪಾಯಿಂಟುಗಳನ್ನು ಹೋಲಿಸುವುದು, ಗದ್ದೆಯ ಎಕರೆಯನ್ನೂ ಬಾವಿಯ ಆಳವನ್ನೂ ಹೋಲಿಸಿದಂತೆ ಎಂದು ತಿಳಿಹೇಳುವ ಹೊತ್ತಿಗೆ ಹುಡುಗರು ಪಾಠ ಕಲಿತಿದ್ದರು: ನಿನ್ನೆ ಮೂರಾಗಿದ್ದ ಕೆಲಸ ಇಂದು ಐದಾಯಿತು, ಐದರದ್ದು ಎಂಟಾಯಿತು. ಫೆಬ್ರವರಿ ಕೊನೆಗೆ ಕಾಗದದ ಮೇಲೆ ನಮ್ಮ ವೇಗ ಒಂದೂವರೆ ಪಟ್ಟು ಏರಿತ್ತು. ಬಿಡುಗಡೆಯಾದ ಕೆಲಸ ಮಾತ್ರ ಅಷ್ಟೇ ಇತ್ತು.

ಇದರ ಬೇರು ಒಂದು ಪದದಲ್ಲಿದೆ ಎಂದು ನನಗೆ ತೋರುತ್ತದೆ. ಸ್ಪ್ರಿಂಟಿನ ಆರಂಭದಲ್ಲಿ ತಂಡ ಹೇಳುವುದು ಮುನ್ನಂದಾಜು. ಸ್ಕ್ರಮ್ ಗೈಡ್ 2011ರಲ್ಲಿಯೇ ಆ ಜಾಗದಲ್ಲಿದ್ದ ‘ಬದ್ಧತೆ’ಯನ್ನು ತೆಗೆದು ‘ಮುನ್ನಂದಾಜು’ ಎಂದು ಬದಲಿಸಿದೆ. ವ್ಯಾಪಾರದ ಮನೆತನದಿಂದ ಬಂದ ನಮ್ಮ ಮಾಲಕರಿಗೆ ಅಂಥ ಮಧ್ಯದ ಜಾಗವೇ ಇಲ್ಲ. ಬಾಯಿಂದ ಬಂದರೆ ಅದು ಕೊಟ್ಟ ಮಾತು. ‘ಹನ್ನೆರಡು ಕೆಲಸ ಅಂದಿದ್ರಿ, ಒಂಬತ್ತು ಆಗ್ಯಾವು. ಪ್ಯಾಟ್ಯಾಗ ಹಿಂಗ ಮಾಡಿದ್ರ ಮರುದಿನ ಯಾರರ ಮಾಲು ಹಾಕತಾರೇನು?’ ಎಂದು ಅವರು ಕೇಳಿದಾಗ ಅದರಲ್ಲಿ ತಪ್ಪು ಹುಡುಕುವುದು ನನಗೂ ಕಷ್ಟವಾಯಿತು. ತರಬೇತುದಾರರು ಈ ಮಾತನ್ನು ಎದುರಿಸದೆ ಮುಂದಿನ ಸ್ಲೈಡಿಗೆ ಹೋದರು. ಇಲ್ಲಿ ಒಂದು ನಕ್ಷತ್ರ ಹೋಯಿತು.

‘ಆಗೇತ್ರಿ’ ಎಂಬ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು. ಕೋಡ್ ಬರೆದವನ ಬಾಯಲ್ಲಿ ‘ಆಗೇತ್ರಿ’ ಅಂದರೆ ತನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತಿದೆ ಎಂದರ್ಥ. ಸ್ವಲ್ಪ ಒತ್ತಿ ಕೇಳಿದರೆ ‘ಆಗೇತ್ರಿ, ಟೆಸ್ಟಿಂಗ್ ಒಂದ ಉಳದೇತಿ’ ಎಂಬ ಉತ್ತರ ಬರುತ್ತದೆ. ಹೀಗೆ ಮೊದಲ ಎಂಟು ದಿನ ಬರೆಯುವುದು, ಕೊನೆಯ ಎರಡು ದಿನ ಮೂವರು ಟೆಸ್ಟರ್‌ಗಳ ಮೇಲೆ ಎಲ್ಲವನ್ನೂ ಸುರಿಯುವುದು ನಡೆದು, ವರ್ಷಕ್ಕೊಮ್ಮೆ ಆಗುತ್ತಿದ್ದ ನೂಕುನುಗ್ಗಲು ಹದಿನೈದು ದಿನಕ್ಕೊಮ್ಮೆ ಆಗತೊಡಗಿತು. ‘ಮುಗಿಯಿತು’ ಎಂದರೆ ಏನೇನು ಆಗಿರಬೇಕು ಎಂಬ ಆರು ಸಾಲನ್ನು ತರಬೇತುದಾರರು ನಮ್ಮಿಂದಲೇ ಬರೆಯಿಸಿ ಗೋಡೆಗೆ ಅಂಟಿಸಿದರು. ಇಡೀ ಸೇವೆಯಲ್ಲಿ ಇಂದಿಗೂ ಬದಲಾಗದೆ ಉಳಿದ ಏಕೈಕ ಕಾಗದ ಅದೇ. ಅದರ ಆರನೆಯ ಸಾಲು: ‘ಅಂಗಡಿಯ ಗುಮಾಸ್ತರೊಬ್ಬರು ಬಳಸಿ ನೋಡಿದ್ದಾರೆ.’

ಆ ಆರನೆಯ ಸಾಲು ಎಲ್ಲಿಂದ ಬಂತು ಎಂಬುದೇ ಈ ವಿಮರ್ಶೆಯ ತಿರುಳು.

ಸ್ಕ್ರಮ್‌ನಲ್ಲಿ ಪ್ರಾಡಕ್ಟ್ ಓನರ್ ಎಂಬ ಹೊಣೆಗಾರರಿರುತ್ತಾರೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ನಿರ್ಧರಿಸುವ ಒಬ್ಬರೇ ವ್ಯಕ್ತಿ ಅವರು. ಅವರ ನಿರ್ಧಾರವನ್ನು ಇಡೀ ಸಂಸ್ಥೆ ಗೌರವಿಸಬೇಕೆಂದು ಗೈಡ್ ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ ಆ ಪಟ್ಟವನ್ನು ಆರು ವರ್ಷ ಅನುಭವವಿದ್ದ ಒಬ್ಬ ಡೆವಲಪರ್‌ಗೆ ಕಟ್ಟಿದೆವು. ಪಟ್ಟ ಮಾತ್ರ ಕಟ್ಟಿದೆವು, ಅಧಿಕಾರ ಕೊಡಲಿಲ್ಲ. ಆತ ಸೋಮವಾರ ಬ್ಯಾಕ್‌ಲಾಗ್‌ನ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯ, ಕ್ರಮ ನಿಗದಿ ಮಾಡಿದರೆ, ಬುಧವಾರ ಮಾಲಕರು ಯಾವುದೋ ದೊಡ್ಡ ಅಂಗಡಿಯ ಸಾಹುಕಾರರೊಡನೆ ಫೋನಿನಲ್ಲಿ ಮಾತಾಡಿ ಹೊಸದೊಂದನ್ನು ಒಪ್ಪಿಕೊಂಡು ಬರುತ್ತಿದ್ದರು, ಅದು ಸ್ಪ್ರಿಂಟಿನ ನಡುವೆಯೇ ಮೇಲೇರಿ ಕುಳಿತುಕೊಳ್ಳುತ್ತಿತ್ತು. ಬದಲಾವಣೆಗೆ ಸ್ಪಂದಿಸುವುದೇ ಅಜೈಲ್ ಅಲ್ಲವೇ ಎಂದು ಅವರು ನಮ್ಮದೇ ಪಾಠವನ್ನು ನಮಗೆ ಒಪ್ಪಿಸುತ್ತಿದ್ದರು. ಜೊತೆಗೆ, ಅಂಗಡಿಗಳೊಡನೆ ನಮ್ಮ ಕರಾರು ಹಳೆಯ ಕಾಲದ್ದೇ: ಇಷ್ಟು ಸೌಲಭ್ಯ, ಇಷ್ಟು ಹಣ, ಈ ದಿನಾಂಕ. ಮೂರನ್ನೂ ಕಟ್ಟಿಹಾಕಿದ ಕರಾರಿನ ಒಳಗೆ ಪ್ರಾಡಕ್ಟ್ ಓನರ್ ತಿರುಗಿಸಬಹುದಾದ ಒಂದು ಗಾಲಿಯೂ ಉಳಿದಿರುವುದಿಲ್ಲ. ಅಜೈಲ್‌ಗೆ ಬಂದ ತಂಡಗಳಲ್ಲಿ ಹಲವು ಮುಗ್ಗರಿಸುವುದು ಇಲ್ಲೇ ಎಂದು ತರಬೇತುದಾರರು ಊಟದ ಹೊತ್ತಿನಲ್ಲಿ ಖಾನಾವಳಿಯ ರೊಟ್ಟಿ ಮುರಿಯುತ್ತ ಹೇಳಿದರು. ಇದನ್ನು ಕಾರ್ಯಾಗಾರದ ಮೊದಲ ದಿನ ಮಾಲಕರ ಎದುರಿಗೆ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಮಾಲಕರು ಉದ್ಘಾಟನೆಗೆ ಬಂದು ಅರ್ಧ ತಾಸಿಗೆ ಹೊರಟುಹೋದರಲ್ಲ ಎಂದರು. ಅದು ನಿಜ. ಹಣ ಕೊಡುವವರು ಕುಳಿತುಕೊಳ್ಳದ ಪಾಠಕ್ಕೆ ಹಣ ತೆಗೆದುಕೊಳ್ಳಬಾರದೆಂಬ ಷರತ್ತನ್ನು ಸೇವೆ ಮಾರುವವರೇ ಹಾಕಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಫೆಬ್ರವರಿಯಲ್ಲಿ ನಾನು ತರಬೇತುದಾರರ ಎರಡು ದಿನಗಳನ್ನು ಕಚೇರಿಯಿಂದ ಕಿತ್ತು ಬ್ಯಾಡಗಿಗೆ ಹಾಕಿದೆ. ಕಾರಣ ಬೇರೆಯೇ ಇತ್ತು. ಬ್ಯಾಡಗಿಯ ಪೇಟೆ ಸೋಮವಾರ ಮತ್ತು ಗುರುವಾರ. ಆ ಎರಡು ದಿನ ನಮ್ಮ ಕಚೇರಿಯಲ್ಲಿ ಫೋನು ಬಿಡುವಿಲ್ಲದೆ ಬಾರಿಸುತ್ತದೆ, ಯೋಜಿಸಿದ ಕೆಲಸ ಮೂಲೆಗೆ ಬೀಳುತ್ತದೆ. ಹೀಗಿರುವಾಗ ಕಾರ್ಯಾಗಾರದಲ್ಲಿ ಹೇಳಿಕೊಟ್ಟಂತೆ ಸ್ಪ್ರಿಂಟನ್ನು ಸೋಮವಾರ ಬೆಳಿಗ್ಗೆ ಶುರುಮಾಡುತ್ತಿದ್ದ ನಮ್ಮ ಮುಗ್ಧತೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಪೇಟೆಯ ದಿನ ಏನಾಗುತ್ತದೆ ಎಂದು ಅವರು ಕಣ್ಣಾರೆ ನೋಡಲಿ ಎಂದು ಒಂದು ಗುರುವಾರ ನಸುಕಿನಲ್ಲೇ ಹೊರಟು, ಹಾವೇರಿ ದಾಟಿ, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿ ಸೇರಿದೆವು. ಜೊತೆಗೆ ಗದಗಿನ ಟೆಸ್ಟರ್ ಮತ್ತು ಇಬ್ಬರು ಡೆವಲಪರ್‌ಗಳಿದ್ದರು. ಪ್ರಾಂಗಣದೊಳಗೆ ಕಾಲಿಟ್ಟ ಕೂಡಲೇ ತರಬೇತುದಾರರಿಗೆ ಸೀನು ಹತ್ತಿತು, ಮಧ್ಯಾಹ್ನದವರೆಗೂ ಬಿಡಲಿಲ್ಲ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಅವರು ಒಂದು ದಲಾಲಿ ಅಂಗಡಿಯ ಗುಮಾಸ್ತರ ಪಕ್ಕ ಐದು ತಾಸು ಸ್ಟೂಲಿನ ಮೇಲೆ ಕುಳಿತರು. ಏನನ್ನೂ ಕಲಿಸಲಿಲ್ಲ, ನಮಗೂ ಬಾಯಿ ಬಿಡಲು ಕೊಡಲಿಲ್ಲ. ನೋಡಿರಿ, ಬರೆದುಕೊಳ್ಳಿರಿ, ಅಷ್ಟೇ.

ನೋಡಿದ್ದು ಇಷ್ಟು. ರೈತರ ಮಾಲು ಅಂಗಡಿಯ ಮುಂದೆ ಲಾಟುಗಳಾಗಿ ಬಿದ್ದಿರುತ್ತದೆ: ಡಬ್ಬಿ ತಳಿಯ ಮೆಣಸಿನಕಾಯಿ ಒಂದು ಕಡೆ, ಕಡ್ಡಿ ತಳಿಯದ್ದು ಒಂದು ಕಡೆ. ಖರೀದಿದಾರರು ಕೈಯಲ್ಲಿ ಹಿಡಿದು, ಮುರಿದು, ಬಣ್ಣ ನೋಡಿ ಟೆಂಡರ್ ಹಾಕುತ್ತಾರೆ. ದರ ಘೋಷಣೆಯಾದ ಮೇಲೆ ತೂಕ. ಹಮಾಲರು ಚೀಲ ಏರಿಸಿದಂತೆ ತೂಕದವನು ಅಂಕಿ ಕೂಗುತ್ತಾನೆ, ಗುಮಾಸ್ತರು ಒಂದು ಕಣ್ಣು ಚೀಲದ ಮೇಲೆ, ಒಂದು ಕಣ್ಣು ವಹಿಯ ಮೇಲೆ ಇಟ್ಟು ಬರೆಯುತ್ತಾರೆ. ವಹಿ ಎಂದೆ, ನಮ್ಮ ಕಂಪ್ಯೂಟರ್ ಪಕ್ಕದಲ್ಲೇ ತೆರೆದಿತ್ತು, ಅವರು ಬರೆಯುತ್ತಿದ್ದದ್ದು ಕೆಂಪು ಬಟ್ಟೆಯ ಹೊದಿಕೆಯ ವಹಿಯಲ್ಲಿ. ಮಾಲಕರು ಹೊಗಳಿದ, ಎರಡು ಸ್ಪ್ರಿಂಟು ತಿಂದ ನಮ್ಮ ಅಂದದ ಪರದೆಯಲ್ಲಿ ಪ್ರತಿ ಚೀಲಕ್ಕೂ ಮೌಸ್ ಹಿಡಿದು ತಳಿ ಆರಿಸಬೇಕಿತ್ತು. ತೂಕದವನ ಕೂಗು ಯಾವ ಮೌಸಿಗೂ ಕಾಯುವುದಿಲ್ಲ. ಆದ್ದರಿಂದ ಅವರು ವಹಿಯಲ್ಲಿ ಬರೆದು, ರಾತ್ರಿ ಎಂಟರ ಮೇಲೆ ಕುಳಿತು ಎಲ್ಲವನ್ನೂ ಕಂಪ್ಯೂಟರಿಗೆ ಎರಡನೆಯ ಸಲ ಹೊಡೆಯುತ್ತಿದ್ದರು. ನಮ್ಮ ತಂತ್ರಾಂಶ ಅವರ ಕೆಲಸವನ್ನು ಕಡಿಮೆ ಮಾಡಿರಲಿಲ್ಲ, ಒಂದೂವರೆ ತಾಸು ಹೆಚ್ಚಿಸಿತ್ತು.

ಇನ್ನೊಂದು ಇದಕ್ಕಿಂತ ಚುಚ್ಚಿತು. ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ ಗುಮಾಸ್ತರು ಬಹಳ ಸೌಜನ್ಯದಿಂದ ಕೇಳಿದರು: ‘ನಿಮ್ಮ ಸಾಫ್ಟ್‌ವೇರ್ ಚಲೋ ಐತ್ರಿ, ಇಲ್ಲನ್ನಂಗಿಲ್ಲ. ಆದ್ರ ರೈತ ದರ ಒಪ್ಪಲಿಲ್ಲಂದ್ರ ಆ ಮಾಲು ಎಲ್ಲಿ ಬರೀಲಿ?’ ಟೆಂಡರಿನ ದರ ರೈತನಿಗೆ ಒಪ್ಪಿಗೆಯಾಗದಿದ್ದರೆ ಅವನು ಮಾಲನ್ನು ಕೊಡದೆ ಮುಂದಿನ ಪೇಟೆಗೆ ಇಟ್ಟುಕೊಳ್ಳಬಹುದು, ಕೋಲ್ಡ್ ಸ್ಟೋರೇಜ್‌ಗೂ ಒಯ್ಯಬಹುದು. ನಮ್ಮ ತಂತ್ರಾಂಶದ ಪ್ರಕಾರ ಟೆಂಡರಿಗೆ ಬಿದ್ದ ಪ್ರತಿ ಲಾಟೂ ಮಾರಾಟವಾಗಲೇಬೇಕು. ಹೀಗಾಗಿ ಅವರು ಅಂಥ ಲಾಟುಗಳನ್ನು ಸೊನ್ನೆ ರೂಪಾಯಿ ದರಕ್ಕೆ ಮಾರಿದಂತೆ ತೋರಿಸಿ, ಮುಂದಿನ ಸೋಮವಾರ ಹೊಸ ಲಾಟಾಗಿ ಸೇರಿಸುತ್ತಿದ್ದರು. ಚೀಲದ ಲೆಕ್ಕ ಎರಡು ಕಡೆ ಎರಡು ಥರ ಬರುತ್ತಿದ್ದದ್ದು ಇದಕ್ಕೇ! ನಮ್ಮ ಟೆಸ್ಟರ್ ಮೂರು ದಿನ ನುಂಗಿಕೊಂಡಿದ್ದ, ನಾವು ಮೂರು ವಾರ ಕೋಡಿನಲ್ಲಿ ಹುಡುಕಿದ್ದ ಬಗ್ ಕೋಡಿನಲ್ಲಿ ಇರಲೇ ಇಲ್ಲ. ಗ್ರಾಹಕರ ಜೊತೆಗಿನ ಸಹಯೋಗ ಕರಾರಿನ ಚೌಕಾಸಿಗಿಂತ ಮೇಲು ಎಂಬ ಮೂರನೆಯ ಮೌಲ್ಯವನ್ನು ಸ್ಲೈಡಿನಲ್ಲಿ ಓದಿದಾಗ ತಲೆಯಾಡಿಸಿದ್ದ ನಾವು, ಐದು ವರ್ಷದ ಗ್ರಾಹಕರ ಅಂಗಡಿಯಲ್ಲಿ ಒಂದು ಪೇಟೆಯ ದಿನವೂ ಕುಳಿತಿರಲಿಲ್ಲ.

ಮರಳಿ ಬರುವಾಗ ಕಾರಿನಲ್ಲಿ ಆದ ತೀರ್ಮಾನಗಳು ಇಡೀ ಮೂರು ತಿಂಗಳ ಫಲ ಎನ್ನಬಹುದು. ಸ್ಪ್ರಿಂಟನ್ನು ಮಂಗಳವಾರ ಆರಂಭಿಸಿ, ಮುಗಿದ ಕೆಲಸವನ್ನು ಎರಡನೆಯ ವಾರದ ಶುಕ್ರವಾರ ತೋರಿಸುವುದು. ಪೇಟೆಯ ಎರಡು ದಿನದ ಫೋನಿನ ಕೆಲಸವನ್ನು ಸ್ಪ್ರಿಂಟಿಗೆ ತುರುಕದೆ, ಅದಕ್ಕೆ ಇಬ್ಬರನ್ನು ಸರದಿಯಂತೆ ಬಿಟ್ಟು ಕಾನ್‌ಬಾನ್ ಹಲಗೆಯಲ್ಲಿ ಬೇರೆಯಾಗಿ ನಡೆಸುವುದು. ಒಬ್ಬರ ಕೈಯಲ್ಲಿ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ದೂರು ಇರಕೂಡದು. ಹಲಗೆಯ ಮೇಲೆ ಚೀಟಿ ಹಚ್ಚಿ ಕೆಲಸದ ಹರಿವು ನೋಡುವ ಈ ರೂಢಿ ಜಪಾನಿನ ಟೊಯೋಟಾ ಕಾರ್ಖಾನೆಯಿಂದ ಬಂದದ್ದು, ಹಂಗಾಮಿನ ಗಲಾಟೆಗೆ ಸ್ಕ್ರಮ್‌ಗಿಂತ ಚೆನ್ನಾಗಿ ಒಗ್ಗಿತು. ಮುಗಿದ ಕೆಲಸ ತೋರಿಸುವ ರಿವ್ಯೂ ಸಭೆ ತಿಂಗಳಿಗೆ ಒಂದು, ಕಚೇರಿಯ ಪ್ರೊಜೆಕ್ಟರ್ ಮುಂದಲ್ಲ, ಅಂಗಡಿಯ ಕಟ್ಟೆಯ ಮೇಲೆ. ಗುಮಾಸ್ತರ ಪರದೆಯನ್ನು ಸಂಖ್ಯೆಯ ಕೀಲಿಗಳು ಮತ್ತು ಎಂಟರ್ ಮಾತ್ರ ಬಳಸುವಂತೆ ಹೊಸದಾಗಿ ಬರೆದೆವು. ಅದು ಮೊದಲಿನದಕ್ಕಿಂತ ನೋಡಲು ಕುರೂಪ, ಬಳಸುವವರಿಗೆ ಬಹಳ ಹಿಡಿಸಿತು. ಮುಂದಿನ ಭೇಟಿಗೆ ನಮ್ಮ ಪ್ರಾಡಕ್ಟ್ ಓನರ್ ಜೊತೆಗೆ ಮಾಲಕರನ್ನೂ ಕರೆದೊಯ್ದೆವು. ಗುಮಾಸ್ತರು ಸೊನ್ನೆ ರೂಪಾಯಿಯ ಲಾಟುಗಳನ್ನು ತೋರಿಸಿದಾಗ ಮಾಲಕರು ಏನೂ ಮಾತಾಡಲಿಲ್ಲ. ಆದರೆ ಅಂದಿನಿಂದ ಫೋನಿನಲ್ಲಿ ಹೊಸ ಬೇಡಿಕೆ ಬಂದರೆ ‘ನಮ್ಮ ಹುಡುಗನ್ನ ಕೇಳಿ ಹೇಳತೇನ್ರಿ’ ಎನ್ನುತ್ತಾರೆ. ಎಲ್ಲ ಸಲವಲ್ಲ, ಹಲವು ಸಲ.

ಸೇವೆ ಮುಟ್ಟದೇ ಬಿಟ್ಟ ಸಂಗತಿಗಳೂ ಇವೆ. ಹದಿನೈದು ದಿನಕ್ಕೊಮ್ಮೆ ಬಿಡುಗಡೆ ಮಾಡಬೇಕಾದರೆ ಹಳೆಯದು ಮುರಿದಿಲ್ಲ ಎಂದು ಪ್ರತಿ ಸಲವೂ ತಾನೇ ಪರೀಕ್ಷಿಸಿ ಹೇಳುವ ಸ್ವಯಂಚಾಲಿತ ಟೆಸ್ಟುಗಳು ಬೇಕು. ಎಂಟು ವರ್ಷ ಹಳೆಯ ನಮ್ಮ ಕೋಡಿನಲ್ಲಿ ಅಂಥದ್ದು ಒಂದೂ ಇರಲಿಲ್ಲ. 1990ರ ದಶಕದಲ್ಲಿ ಕೆಂಟ್ ಬೆಕ್ ರೂಪಿಸಿದ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್‌ನಲ್ಲಿ ಮೊದಲು ಟೆಸ್ಟ್ ಬರೆಯುವುದು, ಇಬ್ಬರು ಕುಳಿತು ಒಂದೇ ಕೋಡ್ ಬರೆಯುವುದು, ದಿನವೂ ಎಲ್ಲರ ಕೋಡನ್ನು ಕೂಡಿಸುವುದು ಮೊದಲಾದ ಅಭ್ಯಾಸಗಳಿವೆ. ಇವುಗಳ ಮೇಲೆ ಕಾರ್ಯಾಗಾರದಲ್ಲಿ ಒಂದು ಸ್ಲೈಡ್ ಇತ್ತು, ಹತ್ತು ನಿಮಿಷದಲ್ಲಿ ಮುಗಿಯಿತು. ತರಬೇತುದಾರರು ಕೋಡ್ ಬರೆದು ವರ್ಷಗಳೇ ಆಗಿದ್ದವು. ಅದನ್ನು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಸಭೆಗಳನ್ನು ಸರಿಪಡಿಸಿ ಕೋಡನ್ನು ಹಾಗೆಯೇ ಬಿಟ್ಟರೆ, ಎರಡು ವಾರಕ್ಕೊಮ್ಮೆ ಬಿಡುಗಡೆಯೆಂಬುದು ಎರಡು ವಾರಕ್ಕೊಮ್ಮೆ ಹೊಸ ಬಗ್ ಹಂಚುವ ವ್ಯವಸ್ಥೆಯಾಗುತ್ತದೆ, ಮಾರ್ಚ್‌ನಲ್ಲಿ ನಮಗೆ ಎರಡು ಸಲ ಹಾಗೆಯೇ ಆಯಿತು. ಇನ್ನೊಂದು, ಜನ ಬಿಟ್ಟುಹೋಗುವ ಸಮಸ್ಯೆ. ತರಬೇತಿ ಮುಗಿದ ಎರಡು ತಿಂಗಳಲ್ಲಿ ಮೂವರು ಬೆಂಗಳೂರಿಗೆ ಹೋದರು. ಬಯೋಡೇಟಾದಲ್ಲಿನ ಆ ಪ್ರಮಾಣಪತ್ರವೂ ಅದಕ್ಕೆ ನೆರವಾಗಿರಬಹುದು. ಅವರ ಜಾಗಕ್ಕೆ ಬಂದವರಿಗೆ ಮತ್ತೆ ಕಲಿಸಲು ಸಂಸ್ಥೆ ಅರ್ಧ ಬೆಲೆ ಕೇಳಿತು. ಆ ಪಾಠವನ್ನು ಗದಗಿನ ಟೆಸ್ಟರ್ ಮೂರು ಮಧ್ಯಾಹ್ನಗಳಲ್ಲಿ, ಗೋಡೆಯ ಆರು ಸಾಲು ತೋರಿಸುತ್ತ ಮುಗಿಸಿದರು.

ಸ್ಪ್ರಿಂಟ್ ಮುಗಿದ ಮೇಲೆ ಏನು ತಪ್ಪಿತು ಎಂದು ಕುಳಿತು ಮಾತಾಡುವ ರೆಟ್ರೋ ಸಭೆಗಳ ಬಗ್ಗೆ ಬರೆಯಲು ಹೆಚ್ಚಿಲ್ಲ. ಬಣ್ಣದ ಚೀಟಿಗಳು ಬಂದವು, ಚೀಟಿಗಳಲ್ಲಿ ‘ಎಸಿ ಸರಿಯಿಲ್ಲ’ ಎಂದೇ ಹೆಚ್ಚು ಬರೆದಿದ್ದರು, ಎಸಿ ರಿಪೇರಿಯಾಯಿತು.

ಬೆಲೆಯ ಮಾತು. 14 ಜನರಿಗೆ ಹಂಚಿದರೆ ತಲೆಗೆ ಸುಮಾರು 27,000 ರೂಪಾಯಿ. ಕಾರ್ಯಾಗಾರಕ್ಕೆ ಕೊಟ್ಟ 92,000 ರೂಪಾಯಿ ದುಬಾರಿಯೇ. ಅದರ ಬಹುಪಾಲನ್ನು ಉಚಿತ ಗೈಡ್ ಮತ್ತು ಒಂದು ಶನಿವಾರದಿಂದ ಪಡೆಯಬಹುದಿತ್ತು. ಜೊತೆಗೆ ಕುಳಿತ 12 ದಿನಗಳಲ್ಲಿ ಆರೇಳು ದಿನ ಸಭೆಗಳಲ್ಲೇ ಕಳೆದವು. ಬ್ಯಾಡಗಿಯ ಆ ಎರಡು ದಿನಗಳಿಗೆ ಮಾತ್ರ ದಿನಕ್ಕೆ 19,000ದ ಎರಡರಷ್ಟು ಕೇಳಿದ್ದರೂ ಕೊಡಬಹುದಿತ್ತು. ಇಂಥ ಸೇವೆ ಕೊಳ್ಳಲು ಹೊರಟವರು ಮಾತುಕತೆಯಲ್ಲೇ ಕೇಳಬೇಕಾದದ್ದು: ಸ್ಲೈಡುಗಳು ಯಾವ ವರ್ಷದ ಗೈಡ್‌ನಂತಿವೆ, ತರಬೇತುದಾರರು ಕೊನೆಯದಾಗಿ ಕೋಡ್ ಬರೆದದ್ದು ಯಾವಾಗ, ಗ್ರಾಹಕರ ಜಾಗಕ್ಕೆ ಎಷ್ಟು ದಿನ ಬರುತ್ತಾರೆ, ಮತ್ತು ಮಾಲಕರನ್ನು ಪೂರ್ತಿ ಒಂದು ದಿನ ಕೂರಿಸುವ ಹೊಣೆ ಯಾರದು. ಕೊನೆಯ ಪ್ರಶ್ನೆಗೆ ‘ನಿಮ್ಮದು’ ಎಂಬ ಉತ್ತರ ಬಂದರೆ ಚೌಕಾಸಿ ಮುಂದುವರಿಸಿರಿ; ಬೆಲೆ ಇಳಿಯಲು ಅವಕಾಶವಿದೆ.

ಏಪ್ರಿಲ್‌ನಲ್ಲಿ ಸಂಸ್ಥೆ ಇನ್ನೊಂದು ಮೂರು ತಿಂಗಳ ಸೇವೆಯ ಕೊಟೇಶನ್ ಕಳುಹಿಸಿತು. ನಾವು ಒಪ್ಪಲಿಲ್ಲ. ಬದಲಿಗೆ ಅದೇ ತರಬೇತುದಾರರನ್ನು ಮುಂದಿನ ಹಂಗಾಮಿನಲ್ಲಿ ತಿಂಗಳಿಗೆ ಒಂದು ದಿನ, ಅದೂ ಗುರುವಾರವೇ, ಬ್ಯಾಡಗಿಯಲ್ಲಿ ಮಾತ್ರ ಬರುವಂತೆ ಕೇಳಿದೆವು. ದರ ಅದೇ 19,000. ಒಪ್ಪಿಗೆಯ ಪತ್ರದ ಕೆಳಗೆ ಅವರು ಕೈಯಿಂದ ಒಂದು ಸಾಲು ಸೇರಿಸಿದ್ದರು: ಮಾಸ್ಕ್ ನಿಮ್ಮ ಕಡೆಯಿಂದ.